ಫ್ಯಾನಿಗೆ ಇಟ್ಟ ಕುಂಕುಮ

ಹೊಸ ಕಂಪ್ಯೂಟರೊಂದು ಆನ್ ಆದ ಕೂಡಲೇ ಎದುರಿಗೆ ನಿಂತವನ ಮುಖಕ್ಕೆ ಕುಂಕುಮ ಎರಚಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಕಳೆದ ಭಾನುವಾರ ಗುಂಡ್ಲುಪೇಟೆಯಲ್ಲಿ ನನ್ನ ಮುಖಕ್ಕೆ ಎರಚಿತು. ಆ ಕಂಪ್ಯೂಟರನ್ನು ಕಟ್ಟಿದವನೂ ನಾನೇ.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ರತ್ನಕ್ಕ ಗುಂಡ್ಲುಪೇಟೆಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಲಾರಿಗಳಿಗೆ ಸ್ಟಿಕರ್ ಮಾಡಿಕೊಡುತ್ತಾಳೆ. ಲಾರಿಯ ಹಣೆಯ ಮೇಲಿನ ಹೆಸರು, ಬಾಗಿಲಿನ ಹೂಬಳ್ಳಿ, ಹಿಂಬದಿಯ ಹಾರೈಕೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು, ಕಟಿಂಗ್ ಮಷೀನಿನಲ್ಲಿ ಕತ್ತರಿಸಿ, ತಾನೇ ಸ್ಟೂಲು ಹತ್ತಿ ಅಂಟಿಸುತ್ತಾಳೆ. ಕನ್ನಡ, ಮಲಯಾಳ ಎರಡರಲ್ಲೂ. (ಮಲಯಾಳ ಅವಳಿಗೆ ಓದಲು ಬರುವುದಿಲ್ಲ. ಬರೆಯಲು ಬರುತ್ತದೆ. ಹೇಗೆ ಎಂದು ನನ್ನನ್ನು ಕೇಳಬೇಡಿ.) ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳಲ್ಲಿ ಎಷ್ಟೋ ಅವಳ ಕೈಬರಹ ಹೊತ್ತೇ ಹೋಗುತ್ತವೆ.

ಆ ಭಾನುವಾರಕ್ಕೆ ಒಂದು ವಾರ ಮುಂಚೆ ಅವಳ ಹಳೆಯ ಕಂಪ್ಯೂಟರ್ ಸತ್ತುಹೋಯಿತು. ಬದುಕಿ ಉಳಿದದ್ದು ಒಳಗಿನ ಡಿಸ್ಕ್ ಮಾತ್ರ. ಅವಳ ಡಿಸೈನ್‌ಗಳೆಲ್ಲ ಇದ್ದದ್ದು ಅದರಲ್ಲೇ.

"ಹೊಸದು ನಾನೇ ಕಟ್ಟಿಕೊಡ್ತೀನಿ" ಎಂದೆ.

"ನೀನಾ? ಮಿಕ್ಸಿ ಜಾರ್ ಕೂರ್ಸಕ್ ಬರಲ್ಲ ಕಣ್ಲಾ ನಿಂಗೆ" ಎಂದಳು.

ನಾನು ಕುಗ್ಗಲಿಲ್ಲ. ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಮಾಡಿ ಮುಗಿಸಿ ದಿನಾ ಮನೆಗೆ ಬಂದವನು ಕೂತು ನೋಡಿದ್ದು ಬರೀ ವಿಡಿಯೋ. ಮದರ್‌ಬೋರ್ಡಿಗೆ ಪ್ರೊಸೆಸರ್ ಇಡುವುದು, ರ‍್ಯಾಮ್ ಒತ್ತುವುದು, ಪವರ್ ಸಪ್ಲೈ ಪೆಟ್ಟಿಗೆಯಿಂದ ಯಾವ ಕೇಬಲ್ ಎಲ್ಲಿಗೆ ಹೋಗಬೇಕು ಎನ್ನುವುದು. ಊಟ ಮಾಡುತ್ತ ನೋಡಿದೆ, ಹಲ್ಲುಜ್ಜುತ್ತ ನೋಡಿದೆ. ಮೈಸೂರಿನ ಅಂಗಡಿಯವನು "ಸರ್, ನಾವೇ ಅಸೆಂಬಲ್ ಮಾಡಿಕೊಡ್ತೀವಿ" ಎಂದಾಗ, ಹೋಟೆಲಿನ ದಾರಿ ತೋರಿಸಿದವನ ಎದುರು ಅಡುಗೆ ಬಲ್ಲವನು ನಗುವಂತೆ ನಕ್ಕು, ಡಬ್ಬಗಳನ್ನು ಎತ್ತಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಅವ್ವನೂ ನನ್ನ ಜೊತೆ ಬಸ್ ಹತ್ತಿದಳು. ಸೆರಗಿನಲ್ಲಿ ಕುಂಕುಮದ ಪೊಟ್ಟಣ, ಒಂದು ನಿಂಬೆಹಣ್ಣು.

ಅವ್ವ ಚಂದಕವಾಡಿ ಕಡೆಯವಳು. ನಮ್ಮ ಮನೆಗೆ ಬಂದ ಯಾವ ಯಂತ್ರವೂ ಅವಳ ಕೈಯಿಂದ ಕುಂಕುಮ ಇಡಿಸಿಕೊಳ್ಳದೆ ತಿರುಗಿದ್ದಿಲ್ಲ. ಬೋರ್‌ವೆಲ್ ಮೋಟಾರು, ಹೊಲಿಗೆ ಮಷೀನು, ನನ್ನ ಬೈಕು, ಕೊನೆಗೆ ನನ್ನ ಹೆಂಡತಿಯ ಹೇರ್ ಡ್ರೈಯರ್ ಕೂಡ. ಈ ಅಂಕಣ ಓದುವವರಿಗೆ ನನ್ನ ನಿಲುವು ಗೊತ್ತೇ ಇದೆ. ಯೂನಿವರ್ಸಿಟಿಯಲ್ಲಿ ನಾನು ಸರಿಯಾಗಿ ಕಲಿತದ್ದು ಒಂದೇ ಒಂದು ಪ್ರಶ್ನೆ: ಸಾಕ್ಷಿ ಎಲ್ಲಿದೆ? ಅವ್ವನ ಮುಂದೆ ಮಾತ್ರ ಆ ಪ್ರಶ್ನೆ ಎತ್ತುವುದಿಲ್ಲ. ಊಟ ಹಾಕುವವಳು ಅವಳು.

ಕೆಲಸ ಶುರುವಾಗುವ ಮೊದಲೇ ಬಶೀರಿಕ್ಕ ಬಂದರು. ವಯನಾಡಿನ ಲಾರಿ ಮಾಲೀಕರು (ಅಲ್ಲಿ ಇಕ್ಕ ಎಂದರೆ ಅಣ್ಣ), ಅಕ್ಕನ ಹಳೆಯ ಗಿರಾಕಿ. ಹೊಸ ಲಾರಿ ತಂದಿದ್ದರು. ಅದರ ಹಣೆ ಬೋಳಾಗಿತ್ತು.

"ರತ್ನಮ್ಮಾ, ಮಗಳ ಪೇರು. ಸಫಿಯಾ ಅಂತ. ಮೇಲೆ ಮಲಯಾಳಂ, ಕೆಳಗೆ ಕನ್ನಡ. ಈರುಳ್ಳಿ ಲೋಡ್ ಮಾಡಿ ಸಂಜೆ ಬರ್ತೇನೆ. ರಾತ್ರಿ ಬಂಡೀಪುರ ಕಾಡಿನ ಗೇಟ್ ಹಾಕೋದರೊಳಗೆ ದಾಟಬೇಕು."

"ನಾಳೆ ಆಯ್ತದಾ ಇಕ್ಕಾ?"

"ಪೇರಿಲ್ಲದ ವಂಡಿ ಮನೆ ಮುಂದೆ ನಿಲ್ಲಿಸೋದಿಲ್ಲ ನಾನು. ಮಗಳು ಮನೆ ಬಾಗಿಲಲ್ಲೇ ಕಾಯ್ತಾಳೆ. ಇಲ್ಲಿ ಆಗೋದಿಲ್ಲ ಅಂದ್ರೆ ಹೇಳು, ಮೇಯಿನ್ ರೋಡಲ್ಲಿ ಹೊಸ ಅಂಗಡಿ ಆಗಿದೆಯಲ್ಲ, ಅಲ್ಲಿ ಮಾಡಿಸ್ತೇನೆ."

ಅಕ್ಕ ನನ್ನ ಮುಖ ನೋಡಿದಳು. ಬಶೀರಿಕ್ಕನ ಒಂದು ಲಾರಿ ಹೊಸ ಅಂಗಡಿಗೆ ಹೋದರೆ ಉಳಿದವೂ ಅದರ ಹಿಂದೆಯೇ ಹೋಗುತ್ತವೆ. ಅವರ ನೆಂಟರ ಲಾರಿಗಳೂ ಹೋಗುತ್ತವೆ. ಇದು ನನಗೂ ಗೊತ್ತಿತ್ತು.

"ಆಗುತ್ತೆ" ಎಂದೆ, ನಾನು.

"ಮಾಷೆ ಹೇಳಿದ್ರಲ್ಲ, ಸಾಕು" ಎಂದು ಅವರು ಮಂಡಿಯ ಕಡೆ ಹೊರಟರು. (ಮೇಷ್ಟರ ಮಾತನ್ನು ನಂಬುವ ಜನ ಇನ್ನೂ ಇದ್ದಾರೆ.)

ಕಟ್ಟಿದೆ. ಚೆನ್ನಾಗಿಯೇ ಕಟ್ಟಿದೆ. ಸ್ಕ್ರೂ ಉಳಿಯಲಿಲ್ಲ, ಏನೂ ಮುರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕ್ಯಾಬಿನೆಟ್ ಒಳಗೆ ಎಲ್ಲವೂ ಕೂತಿತ್ತು. ಹಳೆಯ ಡಿಸ್ಕ್ ಕೂಡ. ಇನ್ನೇನು ಸ್ವಿಚ್ ಒತ್ತಬೇಕು, ಅವ್ವ ಅಡ್ಡ ಬಂದಳು.

"ತಡಿಲಾ. ನಿಂಬೆಅಣ್ಣು ಎಲ್ಲಿಗ್ ಮಡುಗ್ಲಿ? ಇದ್ಕೆ ಚಕ್ರ ಎಲ್ಲದೆ?"

"ಚಕ್ರ ಇಲ್ಲ ಕಣವ್ವ."

"ತಿರ್ಗೋದು ಏನಾರ ಅದಾ?"

"ಫ್ಯಾನ್ ಅದೆ."

"ಅಂಗಾರೆ ಅದ್ಕೇ ಇಕ್ತೀನಿ ಬುಡು."

ನಾನು ಮಾನಿಟರಿನ ವೈರು ಸಿಕ್ಕಿಸುತ್ತಿದ್ದೆ. ಒಂದು ಚಿಕ್ಕ ಬೊಟ್ಟು ಇಡುತ್ತಾಳೆ ಎಂದುಕೊಂಡೆ. ಅವ್ವ ಚಿಕ್ಕ ಬೊಟ್ಟು ಇಡುವವಳೇ? ಪ್ರೊಸೆಸರ್ ಮೇಲಿನ ಫ್ಯಾನಿನ ನಡುಮಧ್ಯಕ್ಕೆ ಒಂದು ಚಿಟಿಕೆ ಒಣ ಕುಂಕುಮ ಗುಡ್ಡೆ ಹಾಕಿದ್ದಳು. ನಾನು ಬಗ್ಗಿ ಸ್ವಿಚ್ ಒತ್ತಿದೆ. ಫ್ಯಾನ್ ಗಿರ್ರೆಂದಿತು. ನನ್ನ ಮೂಗು, ಕನ್ನಡಕ, ರ‍್ಯಾಮ್, ಮದರ್‌ಬೋರ್ಡು ಎಲ್ಲಕ್ಕೂ ಓಕುಳಿ.

ಅಕ್ಕ ನಗಲು ಶುರುಮಾಡಿ, ಮಾನಿಟರ್ ನೋಡಿ ನಿಲ್ಲಿಸಿದಳು. ನೋ ಸಿಗ್ನಲ್.

ಲೈಟು ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಇಂಥ ಹೊತ್ತಿನಲ್ಲಿ ತರ್ಕ ಕಲಿತವನು ಏನು ಮಾಡಬೇಕು? ಒಂದೊಂದೇ ಕಾರಣವನ್ನು ಸಮಾಧಾನವಾಗಿ ಪರೀಕ್ಷಿಸಬೇಕು. ನಾನು ಏನು ಮಾಡಿದೆ? ಕೆಂಪಗೆ ಕಾಣುತ್ತಿದ್ದುದನ್ನು ಹಿಡಿದುಕೊಂಡೆ. ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ ಏನೋ, ಪೂಜೆಯಿಂದ ಯಂತ್ರವೊಂದು ಕೆಟ್ಟಿತು ಎಂದು ತೋರಿಸುವ ಸಾಕ್ಷಿಗಾಗಿ! ಈಗ ಅದು ಮದರ್‌ಬೋರ್ಡಿನ ತುಂಬ ಹರಡಿಕೊಂಡಿತ್ತು.

"ನಾನೇ ಕೆಡುಸ್ಬುಟ್ನಾ ಮಗಾ?" ಎಂದಳು ಅವ್ವ.

"ಹೌದವ್ವ" ಎಂದೆ. ಬಹಳ ವೈಜ್ಞಾನಿಕವಾಗಿ.

ಅವ್ವ ಒಳಗೆ ಹೋಗಿ ದೇವರ ಗೂಡಿನ ಮುಂದೆ ಕುಳಿತಳು.

ರ‍್ಯಾಮ್ ಕಿತ್ತು ಒರೆಸಿದೆ. ಅಕ್ಕ ಸ್ಟಿಕರ್ ಧೂಳು ಹೊಡೆಯುವ ಮೆತ್ತನೆಯ ಬ್ರಶ್ ಕೊಟ್ಟಳು, ಮೂಲೆಮೂಲೆ ಗುಡಿಸಿದೆ. ಊದಿದೆ. ಮತ್ತೆ ಕೂರಿಸಿದೆ. ನೋ ಸಿಗ್ನಲ್. ಮತ್ತೆ ಬಿಚ್ಚಿದೆ, ಮತ್ತೆ ಗುಡಿಸಿದೆ. ಕೊನೆಗೆ ಬೋರ್ಡು ಅಂಗಡಿಯಿಂದ ಬಂದಾಗ ಇದ್ದುದಕ್ಕಿಂತ ಚೊಕ್ಕಟವಾಯಿತು. ನೋ ಸಿಗ್ನಲ್.

ಬಿಸಿಲು ಇಳಿಯುತ್ತಿತ್ತು. ಅಕ್ಕ ಮೊಬೈಲ್ ಕೈಗೆತ್ತಿಕೊಂಡಳು.

"ಬಶೀರಿಕ್ಕಂಗೆ ಏಳ್ಬುಡ್ತೀನಿ ಕಣ್ಲಾ. ಆ ಅಂಗಡಿಲೇ ಮಾಡುಸ್ಕಳ್ಲಿ. ಸುಮ್ನೆ ಕಾಯ್ಸಿ ಗೇಟ್ ತಪ್ಪುಸ್ಬಾರ್ದು."

"ಸ್ವಲ್ಪ ತಡಿಯಕ್ಕ."

"ಏನ್ ತಡಿಯದು? ಎಲ್ಲಾನೂ ಆಕಿದ್ದೀಯಾ ತಾನೆ? ಗ್ಯಾಪ್ಕ ಅದಾ ನಿಂಗೆ?"

ನನಗೆ ರೇಗಿತು. ಜ್ಞಾಪಕ ಇಲ್ಲದೆ ಏನು? ಕಣ್ಣಿಗೆ ಕಟ್ಟಿದಂತೆ ಇದೆ. ಒಂದೊಂದಾಗಿ ಹೇಳತೊಡಗಿದೆ. ಪ್ರೊಸೆಸರ್ ಇಟ್ಟೆ, ಚಿಲಕ ಹಾಕಿದೆ. ಫ್ಯಾನ್ ಕೂರಿಸಿದೆ. ಬೋರ್ಡಿಗೆ ಹೋಗುವ ದೊಡ್ಡ ಪವರ್ ಕೇಬಲ್ ಹಾಕಿದೆ. ಆಮೇಲೆ ಪ್ರೊಸೆಸರಿಗೆಂದೇ ಬೇರೆ ಒಂದು ಪವರ್ ಕೇಬಲ್ ಇದೆಯಲ್ಲ, ಬೋರ್ಡಿನ ಮೇಲಿನ ಮೂಲೆಯದು, ಅದನ್ನೂ ಹಾಕಿದೆ. "ಎಡಗೈಲಿ ಬೋರ್ಡ್ ಹಿಡ್ಕೊಂಡೆ, ಬಲಗೈ ಹೆಬ್ಬೆರಳಲ್ಲಿ ಒತ್ತಿದೆ, ಟಕ್ ಅಂತು. ಮಣಿಕಟ್ಟಿನ ನೀಲಿ ಬೆಲ್ಟು ಅಡ್ಡ ಬರ್ತಿತ್ತು, ಅದನ್ನ ಸರಿಸಿ—"

"ಯಾವ್ ಬೆಲ್ಟ್ಲಾ?" ಎಂದಳು ಅಕ್ಕ.

ನನ್ನ ಕೈ ನೋಡಿಕೊಂಡೆ. ಬರಿಗೈ. ವಾಚು ಕೂಡ ಇಲ್ಲ. ಕೈಯ ಕರೆಂಟು ಬೋರ್ಡಿಗೆ ತಗುಲದಿರಲಿ ಎಂದು ವಿಡಿಯೋದವನು ಕಟ್ಟಿಕೊಂಡಿದ್ದ ಬೆಲ್ಟು ಅದು. ನನ್ನ ಕಣ್ಣಿಗೆ ಕಟ್ಟಿದ್ದ ಕೈ, ಹೆಬ್ಬೆರಳು, ಟಕ್ ಎಂಬ ಸದ್ದು, ಯಾವುದೂ ನನ್ನದಲ್ಲ. ಎಷ್ಟು ಸಲ ನೋಡಿದ್ದೆನೆಂದರೆ, ಅವನು ಮಾಡಿದ ಕೆಲಸ ನನ್ನ ತಲೆಯಲ್ಲಿ ನಾನು ಮಾಡಿದ ಕೆಲಸವಾಗಿ ಸೇರಿಕೊಂಡಿತ್ತು.

ಟಾರ್ಚ್ ಹಿಡಿದು ಕ್ಯಾಬಿನೆಟ್ಟಿನ ಹಿಂಬದಿ ನೋಡಿದೆ. ಆ ಕೇಬಲ್ ಅಲ್ಲಿ ಮಡಿಸಿಕೊಂಡು, ಅಂಗಡಿಯಲ್ಲಿ ಕಟ್ಟಿದ ದಾರವನ್ನೂ ಬಿಚ್ಚಿಸಿಕೊಳ್ಳದೆ, ಹಾಯಾಗಿ ಮಲಗಿತ್ತು.

ಎಳೆದು ತಂದು ಒತ್ತಿದೆ. ಈ ಸಲ ಟಕ್ ಎಂದದ್ದು ಅಕ್ಕನಿಗೂ ಕೇಳಿಸಿತು. ಸ್ವಿಚ್ ಒತ್ತಿದೆ. ಪರದೆ ಬೆಳಗಿತು. ಹಳೆಯ ಡಿಸ್ಕ್ ಹೊಸ ಮನೆಯನ್ನು ಒಮ್ಮೆ ಸುತ್ತಾಡಿ ನೋಡುವವರಂತೆ ಸ್ವಲ್ಪ ಹೊತ್ತು ತೆಗೆದುಕೊಂಡು, ಅಕ್ಕನ ಡಿಸೈನ್‌ಗಳನ್ನೆಲ್ಲ ಎದುರಿಗೆ ಹರಡಿತು.

ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ, ತಳ್ಳಿದಳು. ಅಷ್ಟು ಬೇಗ ಯಾರಾದರೂ ಬರೆಯುವುದನ್ನು ನಾನು ಕಂಡಿಲ್ಲ. ಬಶೀರಿಕ್ಕ ಲೋಡ್ ಮುಗಿಸಿ ಬಂದು ಹಾರ್ನ್ ಹೊಡೆಯುವಾಗ ಮಷೀನು ಕನ್ನಡದ ಅಕ್ಷರಗಳನ್ನು ಕತ್ತರಿಸುತ್ತಿತ್ತು. ಅವಳು ಹತ್ತಿ ಅಂಟಿಸುವಾಗ ಸ್ಟೂಲು ಹಿಡಿದುಕೊಂಡದ್ದು ನಾನು.

"ಹಳದಿ ಅಕ್ಷರ ಚೆಂದ ಉಂಟು" ಎಂದರು ಬಶೀರಿಕ್ಕ, ತಲೆಯೆತ್ತಿ. ಆಮೇಲೆ ನನ್ನ ಕಡೆ ತಿರುಗಿ, "ಎಂದಾ ಮಾಷೆ, ಮುಖ ಯಾಕೆ ಕೆಂಪು?"

"ಕುಂಕುಮ" ಎಂದಳು ಅಕ್ಕ. "ದೊಡ್ಡ್ ಕತೆ, ಓಗಿ ಬನ್ನಿ."

ಲಾರಿ ಇನ್ನೂ ಬೆಳಕಿರುವಾಗಲೇ ಬಂಡೀಪುರದ ಕಡೆ ಹೊರಟಿತು. ಹಣೆಯ ಮೇಲೆ ಸಫಿಯಾ, ಎರಡೆರಡು ಭಾಷೆಯಲ್ಲಿ.

ಒಳಗೆ ಹೋಗಿ, "ಅವ್ವ, ಕುಂಕುಮದಿಂದ ಏನೂ ಆಗಿರಲಿಲ್ಲ, ನಾನೇ ಒಂದು ಕೇಬಲ್ ಬಿಟ್ಟಿದ್ದೆ" ಎಂದೆ.

"ನಂಗೊತ್ತು ಬುಡು" ಎಂದಳು ಅವ್ವ. "ಇಷ್ಟೊತ್ತೂ ಕೈ ಮುಗ್ಕಂಡು ಕೂತಿದ್ನಲ್ಲ, ಅದ್ಕೇ ನಿಂಗೆ ಕಂಡದ್ದು ಅದು."

ವಾದ ಮಾಡಬಹುದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು? ಅವಳ ಬಳಿ ಕೊನೇಪಕ್ಷ ತಾನು ನಿಜವಾಗಿ ಮಾಡಿದ ಪ್ರಾರ್ಥನೆ ಇತ್ತು. ನನ್ನ ಬಳಿ ಇದ್ದದ್ದು ಯಾರೋ ಹಾಕಿದ ಕೇಬಲ್ಲು.

ಹೀಗೆ ಇನ್ನೆಷ್ಟು ಕೇಬಲ್ಲುಗಳಿವೆ? ಬಾಲ್ಯದಲ್ಲಿ ನಾನು ಕೆರೆಗೆ ಬಿದ್ದದ್ದು ನನಗೆ ನೆನಪಿದೆ ಎನ್ನುತ್ತೇನೆ. ನೆನಪಿರುವುದು ನೀರೋ, ಅವ್ವ ನೂರು ಸಲ ಹೇಳಿದ ಕಥೆಯೋ? "ನಾನೇ ನೋಡಿದ್ದೀನಿ ಸ್ವಾಮಿ" ಎಂದು ಟೀ ಅಂಗಡಿಯಲ್ಲಿ ಮೇಜು ಕುಟ್ಟುವವರು ನೋಡಿದ್ದು ಏನನ್ನು? ರಸ್ತೆಯನ್ನೋ, ಮೊಬೈಲನ್ನೋ? ಹೊತ್ತಿಗೊಂದು ವಿಡಿಯೋ ನುಂಗುವ ನಾವೆಲ್ಲ ಎಂಥೆಂಥ ಕೈಗಳನ್ನು ನಮ್ಮವೆಂದು ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇವೆ?

ಅಂದಹಾಗೆ, ಅಕ್ಕನ ಕಂಪ್ಯೂಟರ್ ಸೊಗಸಾಗಿ ಓಡುತ್ತಿದೆ. ಬಶೀರಿಕ್ಕನ ಭಾವನ ಲಾರಿಯೂ ಅವಳ ಬಾಗಿಲಿಗೇ ಬಂದಿದೆ. ಇನ್ನೊಂದು ಕಂಪ್ಯೂಟರ್ ಕಟ್ಟಲು ನಾನು ಸಿದ್ಧ. ಬೇಕಾದವರು ತಿಳಿಸಿ.

ಒಂದೇ ಒಂದು ತೊಂದರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳುತ್ತಿದ್ದಾಗ "ಡಿಸ್‌ಪ್ಲೇ ಬರದಿದ್ದ ಕೂಡಲೇ ನನಗೆ ಆ ಕೇಬಲ್ ಮೇಲೆ ಅನುಮಾನ ಬಂತು" ಎಂದುಬಿಟ್ಟೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೂ ಇಲ್ಲ. ಅದಕ್ಕೇ ಅವಸರದಲ್ಲಿ ಕೂತು ಇದನ್ನು ಬರೆದುಹಾಕಿದ್ದೇನೆ: ನೀವು ಓದುವ ಹೊತ್ತಿಗೆ ನನ್ನ ನೆನಪಿನಲ್ಲಿ ಅಕ್ಕ ಆ ಬೆಲ್ಟಿನ ಬಗ್ಗೆ ಬಾಯಿಯನ್ನೇ ಬಿಟ್ಟಿರುವುದಿಲ್ಲ.