ಹೆಂಡತಿಗೆಂದು ಕೊಂಡ ಕಾರ್ಬೈನು

ಗ್ರಾಸಿಯಾನ ಬಂದೂಕಿನ ಅಂಗಡಿಗೆ ಬಂದದ್ದು ಎಡಗಂಕುಳಲ್ಲಿ ತಬ್ಬಲಿ ಕುರಿಮರಿಯೊಂದನ್ನು ಇರುಕಿಕೊಂಡು. ಅಮೆರಿಕದ ನೆವಾಡದ ಆ ಊರಿನಲ್ಲಿ, ಹಿಂದೆ ಸ್ಪೇನಿನ ಕಡೆಯಿಂದ ಬಂದು ನೆಲೆಸಿದ, ಕುರಿ ಸಾಕುವ ಬಾಸ್ಕ್ ಮನೆತನಗಳು ಉಳಿದಿದ್ದೇ ಕಡಿಮೆ. ಹೆಂಗಸೊಬ್ಬಳೇ ನಡೆಸುತ್ತಿದ್ದದ್ದು ಅವಳ ಮಂದೆ ಮಾತ್ರ. ಚಳಿಗಾಲದಲ್ಲಿ ಅವಳ ಬಲ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು; ಅಂದಿನಿಂದ, ತೀರಿಕೊಂಡ ಗಂಡನ ಭಾರದ ರೈಫಲ್ಲನ್ನು ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ಕುರಿಮರಿ ಹೊತ್ತೊಯ್ಯುವ, ತೋಳದಂಥ ಕಯೋಟಿಗಳಿಗೂ ಅದು ಗೊತ್ತಾದಂತಿತ್ತು.

ಬೆನ್ನ ಹಿಂದೆಯೇ ಮೈದುನ ಬೆನ್ಯಾಟ್ ಬಂದ. ಮದುವೆಯಾಗದ ಗಂಡಸು, ಮಂದೆ ಮಾರಿಬಿಡು ಎಂದು ಅವಳ ತಲೆ ತಿನ್ನುತ್ತಿದ್ದ.

"ಆ ಗಿಡ್ಡದ್ದು ಕೊಡಪ್ಪ ವೇಲನ್," ಎಂದಳು ಗ್ರಾಸಿಯಾನ ಅಂಗಡಿಯವನಿಗೆ. ಅಂಗಡಿಯಲ್ಲೇ ಅಗ್ಗದ, ಹಗುರವಾದ, ಪ್ಲಾಸ್ಟಿಕ್ ಹಿಡಿಯ, ಗಿಡ್ಡ ನಳಿಗೆಯ ಕಾರ್ಬೈನು ಬಂದೂಕು ಅದು.

"ಅತ್ತಿಗೆ, ಅದು ಆಟದ ಸಾಮಾನು! ಅಣ್ಣನ ರೈಫಲ್ ಮೇಜಿನ ಮೇಲಿಟ್ಟು ಹೊಡೆದ್ರೆ ಇಟ್ಟ ಗುರಿಗೇ ಗುಂಡಿನ ಮೇಲೆ ಗುಂಡು ಕೂರುತ್ತೆ."

"ಗುಡ್ಡಕ್ಕೆ ಮೇಜು ಯಾರು ಹೊತ್ಕೊಂಡ್ ಬರ್ತಾರೆ, ನೀನಾ?"

ಅಂಗಡಿಯವನು ನಕ್ಕ. ಕಾಫಿ ಕುಡಿಯುತ್ತ ಕೂತಿದ್ದ ಮುದುಕರೂ ನಕ್ಕರು.

ಬೆನ್ಯಾಟ್ ಕೆಂಪಾದ. "ಎತ್ತೋಕಾಗದವರು ಮನೇಲಿ ಕೂರಬೇಕು. ಬಂದೂಕು ಚಿಕ್ಕದು ಮಾಡ್ಕೊಳ್ಳೋದಲ್ಲ."

ಅವಳು ಮರಿಯನ್ನು ಅವನ ಕಂಕುಳಿಗೆ ತುರುಕಿದಳು. "ಹಿಡ್ಕೋ. ವೇಲನ್, ಇವನಿಗೊಂದು ಭಾರದ್ದು ಕೊಡು, ಗುಂಡಿಲ್ಲ ತಾನೆ ನೋಡು. ಹ್ಞಾಂ, ಈಗ ಗೋಡೆ ಮೇಲಿನ ಜಿಂಕೆ ಕೊಂಬಿಗೆ ಗುರಿ ಇಡು. ಕುರಿ ಈಯೋ ಕಾಲದಲ್ಲಿ ನಮಗೆ ಎರಡೂ ಕೈ ಖಾಲಿ ಇರುತ್ತಾ?"

ಬೆನ್ಯಾಟ್ ಎತ್ತಿದ. ನಳಿಗೆ ಗೋಡೆ ಬಿಟ್ಟು ನೆಲ ನೋಡಿತು. ಮರಿ ಒದ್ದಾಡಿ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು.

ಗ್ರಾಸಿಯಾನ ಮರಿಯನ್ನು ವಾಪಸು ಇಸಕೊಂಡು, ಗಿಡ್ಡ ಕಾರ್ಬೈನನ್ನು ಭುಜಕ್ಕೇರಿಸಿ, ಅದರ ಮುಂಭಾಗವನ್ನು ಮರಿ ಹಿಡಿದ ತೋಳಿನ ಮೇಲೆ ಊರಿದಳು. ನಳಿಗೆ ಅಲುಗಲಿಲ್ಲ. ಭುಜ ನೋಯಿತೋ ಇಲ್ಲವೋ, ಮುಖ ಹೇಳಲಿಲ್ಲ.

"ಮಂದೆ ಮಾರೋ ಮಾತು ಇನ್ನು ತೆಗೀಬೇಡ."

ಆಮೇಲೆ ಆ ಕಾಫಿ ಮುದುಕರು ಒಬ್ಬೊಬ್ಬರಾಗಿ ಬಂದು, ದನಿ ತಗ್ಗಿಸಿ, "ಹೆಂಡ್ತಿಗೆ ಬೇಕಿತ್ತು" ಎಂದು ಅಂಥದ್ದನ್ನೇ ಒಯ್ದರು. ವೇಲನ್ ಅಂಗಡಿಯ ಕಿಟಕಿಯಲ್ಲಿ ನೋಟಕ್ಕಿಟ್ಟಿದ್ದ ಭಾರದ ರೈಫಲ್ಲು ತೆಗೆದು ಗಿಡ್ಡದ್ದನ್ನು ಇಟ್ಟ.

ಕುರಿ ಈಯುವ ಕಾಲ ಮುಗಿಯುವ ಮುಂಚೆ, ಒಂದು ಬೆಳಿಗ್ಗೆ, ಬೆನ್ಯಾಟ್ ಅವಳ ಗುಡ್ಡದ ಬಿಡಾರಕ್ಕೆ ಬಂದ. ಗಾಡಿಯ ಸೀಟಿನ ಮೇಲೆ ಹೊಸ ಗಿಡ್ಡ ಕಾರ್ಬೈನು.

"ಯಾರಿಗೋ ಇದು?"

"ಅಂಗಡೀಲಿ ಹೆಂಡ್ತಿಗೆ ಅಂತ ಹೇಳ್ಬಿಟ್ಟೆ, ಅತ್ತಿಗೆ."

"ಆ ಪುಣ್ಯಾತ್ಗಿತ್ತಿ ಬರೋವರೆಗೆ ನೀನೇ ಕುರಿಗೆ ನೀರು ಹಾಕು," ಎಂದು ಗ್ರಾಸಿಯಾನ ಅವನ ಕೈಗೆ ಬಕೆಟ್ಟು ಕೊಟ್ಟಳು.