ಅಂಬುಜಮ್ಮ ಕಂಪನಿ ನೋಡಲು ಹೋದದ್ದು

ಸಿದ್ಧಾರ್ಥನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಮೆಟ್ಟಿಲ ಪಕ್ಕದಲ್ಲಿ ಅಂಬುಜಮ್ಮನ ಹೂವಿನ ಬುಟ್ಟಿ. ಯಾರು ಯಾರ ಆಶ್ರಯದಲ್ಲಿದ್ದಾರೆ ಎಂಬುದು ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ. ಅವರಿಗೆ ನೆರಳು ಕೊಟ್ಟಿರುವವನು ನಾನು ಎಂದು ನಾನು ತಿಳಿದಿದ್ದೇನೆ. ನನಗೆ ಗಿರಾಕಿ ಕೊಡುತ್ತಿರುವವರು ತಾವು ಎಂದು ಅವರು ತಿಳಿದಿದ್ದಾರೆ. ಬೋರ್ಡಿನಲ್ಲಿ ‘ಯೋಗಣ್ಣ ಜೆರಾಕ್ಸ್’ ಎಂದು ನನ್ನ ಹೆಸರಿದ್ದರೂ ಬಂದವರೆಲ್ಲ ‘ಹೂವಿನ ಅಂಬುಜಮ್ಮನ ಪಕ್ಕದ ಜೆರಾಕ್ಸ್’ ಎಂದೇ ವಿಳಾಸ ಹೇಳುವುದರಿಂದ ಅವರ ಮಾತೇ ನಿಜವಿರಬೇಕು, ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ ಅಷ್ಟೆ.

ಅಂಬುಜಮ್ಮ ನಂಜನಗೂಡಿನ ಕಡೆಯವರು. ತಂದೆ ಹೊಲದ ಬದುವಿನಲ್ಲಿ ಮಲ್ಲಿಗೆ ಬೆಳೆಯುತ್ತಿದ್ದವರು. ಮದುವೆಯಾಗಿ ಮೈಸೂರಿಗೆ ಬಂದರು. ಗಂಡ ಜವರಯ್ಯ ಆಟೋ ಓಡಿಸುತ್ತಾರೆ, ಮಾತು ಬಹಳ ಕಡಿಮೆ. ಆ ಮನೆಯ ಮಾತಿನ ಇಲಾಖೆಯನ್ನು ಪೂರ್ತಿಯಾಗಿ ಹೆಂಡತಿಗೆ ಬಿಟ್ಟುಕೊಟ್ಟಿದ್ದಾರೆ. ಅಂಬುಜಮ್ಮ ಹೂವನ್ನು ಮೊಳಕೈಯಲ್ಲಿ ಅಳೆದು, ಮೇಲೆ ಒಂದಿಷ್ಟು ಕೊಸರು ಬಿಟ್ಟೇ ದಾರ ಕತ್ತರಿಸುವುದು. ಚೌಕಾಸಿ ಮಾಡಿದವರಿಗೂ ಕೊಸರು ಸಿಗುತ್ತದೆ, ಅದರ ಜೊತೆಗೆ ಬೈಗುಳವೂ ಸಿಗುತ್ತದೆ.

ಇಂಥವರು ಷೇರುದಾರರಾಗಿದ್ದು ಕೋಪದಿಂದ. ಹೋದ ವರ್ಷ ದಸರಾಕ್ಕೆ ಮುಂಚೆ ಒಬ್ಬಳು ಕಾಲೇಜು ಹುಡುಗಿ ಬಂದು, ಬುಟ್ಟಿಯಲ್ಲಿದ್ದ ಮರುಗದ ಮುಂದೆ ಫೋನು ಹಿಡಿದು ‘ಇದೇನು’ ಎಂದು ಫೋನನ್ನೇ ಕೇಳಿದಳು. ಹೂ ಕಟ್ಟುತ್ತ ಅಂಬುಜಮ್ಮ ಎದುರಿಗೇ ಕೂತಿದ್ದಾರೆ! ಅವರು ಬಾಯಿ ತೆರೆಯುವಷ್ಟರಲ್ಲಿ ಫೋನು ಸರಿಯಾದ ಉತ್ತರ ಹೇಳಿಬಿಟ್ಟಿತು.

“ಅದ್ರೊಳಗೆ ಯಾರವ್ರೆ?” ಎಂದು ಅಂಬುಜಮ್ಮ ನನ್ನನ್ನು ಕೇಳಿದರು.

ಉತ್ತರ ಕೊಟ್ಟವರು ಲಿಂಗರಾಜು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ನನ್ನ ಪತ್ರಿಕೆಯನ್ನು ನನಗಿಂತ ಮೊದಲು ಓದುವವರು. “ಯಾರೂ ಇಲ್ಲ ಕಣಮ್ಮ, ಎಐ ಅಂತ. ಅದು ಯೋಚ್ನೆ ಮಾಡೋಕೆ ಒಂದು ಚಿಪ್ ಬೇಕು. ಅಂಥ ಚಿಪ್ ಮಾಡೋ ಕಂಪನಿ ನಮ್ಮ ವಿಜಯನಗರದಲ್ಲೇ ಅದೆ. ಷೇರೂ ಸಿಗ್ತದೆ” ಎಂದರು.

“ನಮ್ಮೂರಲ್ಲೇ? ಹಂಗಾದ್ರೆ ತಗೊಂಬುಡಾಣ. ಮುಂದೆ ಎಲ್ರೂ ಅದನ್ನೇ ಕೇಳೋದಾದ್ರೆ ಅದು ನಮ್ದೂ ಆಗಿರ್ಲಿ.”

ಖಾತೆ ತೆರೆಯುವ ಕೆಲಸ ನನ್ನ ತಲೆಗೆ ಬಿತ್ತು. ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕು ಎಂದು ಆಪ್ ಹೇಳಿತು. “ಈ ವಯಸ್ಸಲ್ಲಿ ಯಾರಿಗ್ರೀ ಕಣ್ಣು ಹೊಡೀಲಿ?” ಎಂದು ಅಂಬುಜಮ್ಮ ರೇಗಿದರು. ಆಮೇಲೆ ಕುಂಕುಮ ಸರಿಮಾಡಿಕೊಂಡು, ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಕೂತುಬಿಟ್ಟರು. ಅವರ ಪಕ್ಕ ನಿಂತು ಕಣ್ಣು ಮಿಟುಕಿಸಿ ತೋರಿಸುತ್ತಿದ್ದ ನನ್ನನ್ನು ಎದುರು ಮನೆಯವರು ಯಾಕೋ ಒಂದು ಥರ ನೋಡಿದರು.

ತಾವು ಕೊಂಡದ್ದು ಸಾಲದೆ ಅಂಬುಜಮ್ಮ ಸವರಿಯಮ್ಮನಿಂದಲೂ ಕೊಳ್ಳಿಸಿದರು. ಸವರಿಯಮ್ಮ ಚರ್ಚಿನ ಪೀಠಕ್ಕೆ ಹೂ ಒಯ್ಯಲು ಪ್ರತಿ ಶನಿವಾರ ಬರುವವರು, ಮಾತಾಡಲು ಮಿಕ್ಕ ದಿನಗಳಲ್ಲೂ ಬರುವವರು. ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದರು. ಅಂಬುಜಮ್ಮನ ಹೆರಿಗೆಯಲ್ಲಿ ಕೈ ಹಿಡಿದುಕೊಂಡು ನಿಂತವರು ಅವರೇ, ಅಲ್ಲಿಂದ ಶುರುವಾದ ಸ್ನೇಹ. ಆಯಾ ಕೆಲಸದಲ್ಲಿ ಉಳಿಸಿದ ಹಣದಲ್ಲಿ, ಮಗ ಆಂಟೋನ ಕೈಲಿ ಖಾತೆ ಮಾಡಿಸಿ ಅವರೂ ಷೇರು ಕೊಂಡರು. ಲಿಂಗರಾಜು ಕೊಂಡರು. ಮೂವರ ಕಾಟ ತಡೆಯಲಾರದೆ ನಾನೂ ಕೊಂಡೆ.

ಅಂದಿನಿಂದ ನನ್ನ ಅಂಗಡಿಯೇ ಷೇರುಪೇಟೆಯಾಯಿತು. ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಬಂದವರು ಕಾಯುತ್ತ ನಿಂತಿದ್ದರೆ ನಾವು ನಾಲ್ವರೂ ಫೋನಿಗೆ ತಲೆ ಕೊಟ್ಟಿರುತ್ತಿದ್ದೆವು.

“ಬೋನಸ್ ಷೇರು ಕೊಟ್ರೂ ಕೊಡ್ಬೋದು,” ಲಿಂಗರಾಜು ಹೇಳುವರು.

“ಅಂದ್ರೇನಣ್ಣ?”

“ಇರೋದ್ರ ಮೇಲೆ ಸುಮ್ನೆ ಇನ್ನಷ್ಟು ಕೊಡೋದು.”

“ಕೊಸರು ಅನ್ನಿ. ಒಳ್ಳೆ ಜನ ಕಣ್ರೀ ಹಂಗಾದ್ರೆ.”

ಷೇರು ಏರುತ್ತಲೇ ಹೋಯಿತು. ಏರಿದ ದಿನ ಅಂಬುಜಮ್ಮ ಉಪ್ಪು ಮೆಣಸಿನಕಾಯಿ ತಂದು ಫೋನಿಗೆ ದೃಷ್ಟಿ ತೆಗೆಯುತ್ತಿದ್ದರು. ಅದನ್ನು ಸುಡುತ್ತಿದ್ದದ್ದು ನನ್ನ ಅಂಗಡಿಯ ಬಾಗಿಲಲ್ಲೇ. ಗಿರಾಕಿಗಳು ಕೆಮ್ಮಿಕೊಂಡು ಓಡುತ್ತಿದ್ದರು.

ಬೇಸಿಗೆಯಲ್ಲಿ ಒಮ್ಮೆ ಷೇರು ಬಿತ್ತು. ಬಿದ್ದದ್ದು ಏಳಲೇ ಇಲ್ಲ. ಲಿಂಗರಾಜು ದಿನಕ್ಕೊಂದು ಕಾರಣ ಹೇಳಿದರು. ಒಂದು ದಿನ ಅಮೆರಿಕ, ಒಂದು ದಿನ ಚೀನಾ, ಮೂರನೇ ದಿನ ನನ್ನ ಅಂಗಡಿಯ ವಾಸ್ತು. ಅಂಬುಜಮ್ಮನಿಗೆ ತಮ್ಮ ಹಣದ ಚಿಂತೆ ಅಷ್ಟಿರಲಿಲ್ಲ. “ನಂದು ಹೋದ್ರೆ ಹೋಗ್ಲಿ, ಮಳೇಲಿ ಒಂದಷ್ಟು ಹೂ ಕೊಳೀತು ಅನ್ಕೋತೀನಿ. ಸವರಿದು ಯೋಗಣ್ಣ... ಮುದ್ಕಿ ನನ್ ಮಾತು ಕೇಳ್ಕೊಂಡು ಹಾಕುದ್ಲಲ್ಲ. ಅವಳು ಬಾಯ್ಬುಟ್ಟು ಬೈದಿದ್ರೂ ಚೆನ್ನಾಗಿತ್ತು” ಎಂದು ನನ್ನೊಬ್ಬನ ಹತ್ತಿರ ಹೇಳಿ ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಸ್ನೇಹ ತಮ್ಮ ಒಂದು ಮಾತಿನಿಂದ ಹಾಳಾಗುತ್ತದೆ ಎಂಬ ಭಯ ಅವರನ್ನು ಕೊರೆಯುತ್ತಿತ್ತು. ಪ್ರಾಯಶ್ಚಿತ್ತವೆಂಬಂತೆ ಸವರಿಯಮ್ಮನಿಗೆ ದಿನಾ ಪುಕ್ಕಟೆ ಮಲ್ಲಿಗೆ ಕೊಡಲು ಶುರುಮಾಡಿದರು.

ಸವರಿಯಮ್ಮ ಮಾತ್ರ ಒಂದೂ ಕೆಟ್ಟ ಮಾತಾಡಲಿಲ್ಲ. ದಿನಾ ಬಂದು ಮೆಟ್ಟಿಲ ಮೇಲೆ ಕೂತು, ನಮ್ಮೆಲ್ಲರಿಗಿಂತ ಜೋರಾಗಿ “ಅಯ್ಯೋ ಮಾತೆಯೇ, ಎಲ್ಲಾ ಹೋಯ್ತಲ್ಲ” ಎಂದು ಉಸಿರುಬಿಟ್ಟು, ಮಲ್ಲಿಗೆ ತೆಗೆದುಕೊಂಡು ಹೋಗುತ್ತಿದ್ದರು. ಆ ತಾಯಿಯ ಸಹನೆಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೆ.

ಹೀಗಿರುವಾಗ ಕಂಪನಿಯಿಂದ ಅಂಬುಜಮ್ಮನ ಫೋನಿಗೆ ಸಂದೇಶ ಬಂತು. ಷೇರುದಾರರ ವಾರ್ಷಿಕ ಸಭೆ, ದಯಮಾಡಿ ಭಾಗವಹಿಸಿ ಎಂದಿತ್ತು. ಸಭೆ ನಡೆಯುವುದು ವಿಡಿಯೊದಲ್ಲಿ, ಕೆಳಗೆ ಕೊಟ್ಟಿರುವ ಕಚೇರಿಯ ವಿಳಾಸ ಕಾನೂನಿನ ಲೆಕ್ಕಕ್ಕೆ ಮಾತ್ರ, ಫೋನಿನಲ್ಲೇ ನೋಡಿಬಿಡೋಣ ಎಂದು ನಾನು ಬಿಡಿಸಿ ಹೇಳಿದೆ.

“ಕರೆದವ್ರ ಮನೆಗೆ ಫೋನಲ್ಲಿ ಹೋಗ್ತಾರೇನ್ರೀ?” ಅಂಬುಜಮ್ಮ ನನ್ನನ್ನು ಗದರಿದರು. “ಹೆಸ್ರಿಡಿದು ಕರೆದವ್ರೆ, ವಿಳಾಸ ಕೊಟ್ಟವ್ರೆ. ನಮ್ಮೂರಲ್ಲಿ ಕರು ಪಾಲಿಗೆ ಸಾಕಾಕೆ ಬುಟ್ರೆ, ಯುಗಾದಿಗೋ ಗೌರಿ ಹಬ್ಬಕ್ಕೋ ಸಾಕಿದವ್ರ ಮನೆಗೋಗಿ ನೋಡ್ಕೊಂಡ್ ಬತ್ತೀವಿ. ತಿಂತಾ ಅದೋ ಇಲ್ವೋ ಗೊತ್ತಾಗ್ಬೇಡ್ವಾ?”

ಆಮೇಲೆ ಸವರಿಯಮ್ಮನ ಕಡೆ ತಿರುಗಿದರು. “ನೀನೂ ಬಾ ಕಣೇ. ಕಂಪ್ನಿ ಕಣ್ಣಿಗೆ ಕಂಡ್ರೆ ಸರಿ. ಕಾಣ್ದೇ ಹೋದ್ರೆ ನಾಳೆನೇ ನಿನ್ ಷೇರು ಮಾರ್ಬುಡು, ನಷ್ಟ ಆದಷ್ಟೂ ನಾನು ತುಂಬ್ಕೊಡ್ತೀನಿ. ನಮ್ಮವ್ವನ ಆಣೆ.”

ಸವರಿಯಮ್ಮ ಗಾಬರಿಯಾದರು. “ಅದೆಲ್ಲಾ ಯಾಕೆ ಈಗ? ಹೋಗೋದೇ ಬ್ಯಾಡ ಕಣೇ, ಬುಟ್ಟಾಕು” ಎಂದು ಬಹಳ ಹೇಳಿದರು. ಅಂಬುಜಮ್ಮ ಕೇಳುವವರಲ್ಲ. ಸಭೆಯ ದಿನ ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಕೂತಿದ್ದರು. ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು. ಜೊತೆಗೆ ಚೇರ್ಮನ್ನರಿಗೆಂದು ಒಂದು ದಪ್ಪ ಸುಗಂಧರಾಜದ ಹಾರ. ಪಕ್ಕದಲ್ಲಿ ಸವರಿಯಮ್ಮ, ಅವರೂ ಚರ್ಚಿನ ಹಬ್ಬಕ್ಕೆ ಉಡುವ ಸೀರೆಯಲ್ಲಿ. ಲಿಂಗರಾಜು ಮಂಡಿನೋವು ಎಂದು ತಪ್ಪಿಸಿಕೊಂಡರು. ನಾನು ಅಂಗಡಿಗೆ ಬೀಗ ಹಾಕಿ ಹೊರಟೆ. ಜವರಯ್ಯ ಇಷ್ಟು ಮಾತ್ರ ಕೇಳಿದರು: “ಮೀಟರ್ ಹಾಕಾದಾ, ಬ್ಯಾಡ್ವಾ?”

ವಿಜಯನಗರ ನಾಲ್ಕನೇ ಹಂತದಲ್ಲಿ ಸುತ್ತಿ ಸುತ್ತಿ ವಿಳಾಸ ಹುಡುಕಿದೆವು. ದೊಡ್ಡ ಗೇಟು, ಹೊಗೆ ಕಾರುವ ಚಿಮಣಿ, ಸೈರನ್ನು, ಇವೆಲ್ಲ ಅಂಬುಜಮ್ಮನ ಮನಸ್ಸಿನಲ್ಲಿದ್ದವು. ಸಿಕ್ಕಿದ್ದು ಎರಡಂತಸ್ತಿನ ಮನೆ. ಕೆಳಗೆ ದಂತವೈದ್ಯರ ಕ್ಲಿನಿಕ್, ಹೊರಗೆ ಬೆಳ್ಳಗೆ ಹೊಳೆಯುವ ಹಲ್ಲಿನ ಬೋರ್ಡು. ಮೆಟ್ಟಿಲ ಹತ್ತಿರ ಸಣ್ಣದಾಗಿ ನಮ್ಮ ಕಂಪನಿಯ ಹೆಸರು.

ಮೇಲೆ ಬಿಂದುಶ್ರೀ ಎಂಬ ಹುಡುಗಿ ಮೇಜಿನ ಮುಂದೆ ಕೂತಿದ್ದಳು. ತಟ್ಟೆ, ಹಾರ, ರೇಷ್ಮೆ ಸೀರೆಗಳನ್ನು ನೋಡಿ ಎದ್ದು ನಿಂತಳು. “ಆಂಟಿ, ಮದುವೆ ಛತ್ರ ಮುಂದಿನ ಕ್ರಾಸ್‌ನಲ್ಲಿ.”

“ನಾವು ಷೇರುದಾರ್ರು ಕಣಮ್ಮ. ಚೇರ್ಮನ್ನು ಎಲ್ಲಿ?”

“ಅವರು ಮನೆಯಿಂದಲೇ ಲಾಗಿನ್ ಆಗ್ತಾರೆ, ಆಂಟಿ.”

“ಕರೆದುಬುಟ್ಟು ತಾವು ಮನೇಲಿ ಕೂತವ್ರಾ!”

ಹುಡುಗಿ ಒಳ್ಳೆಯವಳು. ನಮ್ಮನ್ನು ಸೋಫಾದಲ್ಲಿ ಕೂರಿಸಿ, ತಟ್ಟೆ ಇಸಿದುಕೊಂಡು ಕಾಫಿ ತರಿಸಿದಳು. ತನ್ನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. ಪರದೆಯ ಮೇಲೆ ಚೇರ್ಮನ್ನರು ಬಂದು “ಷೇರುದಾರರೆಲ್ಲ ನಮ್ಮ ಕುಟುಂಬ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಅಂಬುಜಮ್ಮನ ಮನಸ್ಸು ಕರಗಿ, ಎದ್ದುಹೋಗಿ ಕಂಪ್ಯೂಟರಿಗೆ ಹಾರ ಹಾಕಿಬಿಟ್ಟರು. ಚೌಕಟ್ಟಿನೊಳಗೆ ಚೇರ್ಮನ್ನರ ನಗುಮುಖ, ಸುತ್ತಲೂ ಸುಗಂಧರಾಜ.

“ತೆಗಿಯೇ ಅದ್ನ! ಬದುಕಿರೋ ಮನ್ಸ ಕಣೇ!” ಎಂದು ಸವರಿಯಮ್ಮ ಚೀರಿದರು. ಬಿಂದುಶ್ರೀ ನಗು ತಡೆಯಲಾರದೆ ಒಳಗೆ ಓಡಿದಳು. ಹಾರ ತೆಗೆಯುವಷ್ಟರಲ್ಲಿ ಚೇರ್ಮನ್ನರು ಹೋಗಿ ಲೆಕ್ಕಪರಿಶೋಧಕರು ಬಂದಿದ್ದರು.

ನಗು ಮುಗಿದ ಮೇಲೆ ಅಂಬುಜಮ್ಮ ಬಂದ ಕೆಲಸಕ್ಕೆ ಇಳಿದರು. “ಚಿಪ್ಪು ಮಾಡೋ ಜಾಗ ತೋರ್ಸಮ್ಮ.”

“ಇಲ್ಲಿ ಬರೀ ಡಿಸೈನ್ ಆಂಟಿ. ಚಿಪ್ ತಯಾರಾಗೋದು ತೈವಾನ್‌ನಲ್ಲಿ.”

“ಒಂದಾದ್ರೂ ಇಲ್ಲಿ ಇರ್ಬೇಕಲ್ಲ, ನೋಡೋಕೆ?”

“ಹೊಸದು ಇನ್ನೂ ಬಂದಿಲ್ಲ ಆಂಟಿ.”

ಗಾಜಿನ ಆಚೆ ಹತ್ತಾರು ಹುಡುಗ ಹುಡುಗಿಯರು ಕಂಪ್ಯೂಟರು ನೋಡುತ್ತ ಕೂತಿದ್ದರು. ನನಗೆ ಅಷ್ಟು ಸಾಕಿತ್ತು. ಕರು ಕಾಣದ ಅಂಬುಜಮ್ಮನಿಗೆ ಸಾಲಲಿಲ್ಲ. ಅವರ ಮುಖ ಸಣ್ಣಗಾಯಿತು. ಸೋಫಾದಲ್ಲಿ ಕುಸಿದು ಸವರಿಯಮ್ಮನ ಕೈ ಹಿಡಿದುಕೊಂಡರು. “ನಾಳೆನೇ ಮಾರ್ಬುಡು ಸವರಿ. ನಿನ್ ದುಡ್ಡು ನಾನೇ ಹಾಳ್ಮಾಡ್ದೆ. ಹೂ ಮಾರಿ ತುಂಬ್ಕೊಡ್ತೀನಿ. ನನ್ ಮೇಲೆ ಬೇಜಾರ್ ಮಾಡ್ಕೋಬ್ಯಾಡ ಕಣೇ.”

ಸವರಿಯಮ್ಮ ನೆಲ ನೋಡಿದರು, ನನ್ನನ್ನು ನೋಡಿದರು, ಸೆರಗಿನ ತುದಿ ತಿರುಚಿದರು. ಕೊನೆಗೆ, “ನಾನು ಆಗ್ಲೇ ಮಾರ್ಬುಟ್ಟೆ ಕಣೇ” ಎಂದರು.

“ಯಾವಾಗ?”

“ಈಸ್ಟರ್‌ಗೆ ಮುಂಚೆನೇ. ನಮ್ಮ ಆಂಟೋನ ಮಗಳು ವಿನೀತಾ ಇಲ್ವಾ, ಎರಡ್ನೇ ವರ್ಷ ನರ್ಸಿಂಗ್ ಓದ್ತಾವಳಲ್ಲ. ಫೀಸ್ ಕಟ್ದಿದ್ರೆ ಪರೀಕ್ಷೆಗೆ ಕೂರ್ಸಲ್ಲ ಅಂದ್ರು. ಮಾರ್ದೆ. ಫೀಸ್ ಕಟ್ಟಿ ಮಿಕ್ಕಿತು ಕಣೇ.”

ಈಸ್ಟರ್‌ಗೆ ಮುಂಚೆ ಎಂದರೆ ಷೇರು ಎಲ್ಲಕ್ಕಿಂತ ಮೇಲಿದ್ದ ದಿನಗಳು! ಲಿಂಗರಾಜುವಿನ ಅಮೆರಿಕ ಚೀನಾ ವಿಶ್ಲೇಷಣೆ ಕೇಳಿಕೊಂಡು ಕೂತು ನಾನು ಕೆಟ್ಟೆ. ಈ ಮಹಾತಾಯಿ ನಮ್ಮ ಪಕ್ಕದಲ್ಲೇ ಕೂತು ಬಾಯಿ ಬಡಿದುಕೊಳ್ಳುತ್ತಿದ್ದರಲ್ಲ ಎಂದು ನನಗೆ ಮೈ ಉರಿಯಿತು.

“ಮತ್ತೆ ದಿನಾ ಬಂದು ಎಲ್ಲಾ ಹೋಯ್ತು ಅಂತ ಗೋಳಾಡ್ತಿದ್ಯಲ್ಲೇ?” ಅಂಬುಜಮ್ಮನ ದನಿ ಏರಿತು.

“ಲಾಭ ಬಂತು ಅಂತ ಹೇಳೋಕೇ ಬಂದಿದ್ದೆ. ಅವತ್ತೇ ಷೇರು ಬಿದ್ದಿತ್ತು. ಮೂವರೂ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರಿ. ಸತ್ತ ಮನೇಲಿ ಲಾಡು ಹಂಚಕ್ಕಾಯ್ತದಾ? ಅವತ್ತು ಸುಮ್ಕಾದೆ. ಆಮೇಲೆ ಹೇಳೋಕೇ ಆಗ್ಲಿಲ್ಲ.”

“ಹಂಗಾದ್ರೆ ಇವತ್ತು ಯಾಕೆ ಬಂದೆ? ನಿಂದೊಂದು ಷೇರೂ ಇಲ್ವಲ್ಲ ಇಲ್ಲಿ?”

“ಗುರುತು ಪರಿಚಯ ಇಲ್ದವ್ರ ಮುಂದೆ ತಟ್ಟೆ ಹಿಡ್ಕೊಂಡು ನೀನೊಬ್ಳೇ ನಿಂತ್ಕೋತೀಯಲ್ಲ ಅಂತ ಬಂದೆ ಕಣೇ.”

ಅಂಬುಜಮ್ಮ ಧಡಕ್ಕನೆ ಎದ್ದು ಮೆಟ್ಟಿಲಿಳಿದು ಆಟೋ ಹತ್ತಿದರು. ನನ್ನನ್ನು ನಡುವೆ ಕೂರಿಸಿ, ತಾವು ಆ ತುದಿಗೆ ಸರಿದು ಹೊರಗೆ ನೋಡುತ್ತ ಕೂತರು. ಈ ಕಡೆಯಿಂದ ಸವರಿಯಮ್ಮ ಮೂಗು ಎಳೆದುಕೊಳ್ಳುವುದು ಕೇಳುತ್ತಿತ್ತು. ಇಬ್ಬರ ನಡುವೆ ನನ್ನ ಪಾಡು ಹೇಳತೀರದು. ಬಹಳ ದೂರ ಹೋದ ಮೇಲೆ ಜವರಯ್ಯ ಹಿಂದೆ ತಿರುಗದೆಯೇ ಹೇಳಿದರು: “ಆ ಮಗು ವಿನೀತಾ ಮೊನ್ನೆ ಬಸ್ ಸ್ಟ್ಯಾಂಡ್ ತಾವ ಸಿಕ್ಕಿತ್ತು. ಬಿಳಿ ಕೋಟು ಹಾಕಿತ್ತು. ತಾತ ಬಿಪಿ ನೋಡ್ತೀನಿ ಬಾ ಅಂತು.”

ಅಂಬುಜಮ್ಮ ಹೊರಗೆ ನೋಡುತ್ತಲೇ ನನ್ನ ಬೆನ್ನ ಹಿಂದಿನಿಂದ ಕೈ ಚಾಚಿ ಸವರಿಯಮ್ಮನ ತೋಳಿಗೆ ಜೋರಾಗಿ ಚಿವುಟಿದರು. ಸವರಿಯಮ್ಮ “ಅವ್ವಾ” ಎಂದು ಕೂಗಿದರು, ಆಮೇಲೆ ನಕ್ಕರು. ಮನೆ ಸೇರುವವರೆಗೂ ಇಬ್ಬರೂ ನನ್ನನ್ನು ದಾಟಿಕೊಂಡು ಮಾತಾಡಿದ್ದೇ ಮಾತಾಡಿದ್ದು.

ಮರುದಿನ ಬೆಳಿಗ್ಗೆ ಲಿಂಗರಾಜು ನನ್ನ ಪತ್ರಿಕೆ ಬಿಡಿಸುವ ಮೊದಲೇ ಕೇಳಿದರು: “ಹೋಗಿದ್ರಂತಲ್ಲಮ್ಮ, ನಮ್ ದುಡ್ಡು ಹಾಕಿದ್ದು ಕಣ್ಣಿಗೆ ಬಿತ್ತಾ? ಎಂಗದೆ?”

ಅಂಬುಜಮ್ಮ ಹೂ ಕಟ್ಟುತ್ತಲೇ ಹೇಳಿದರು: “ಚೆನ್ನಾಗದೆ ಕಣಣ್ಣ. ಎರಡ್ನೇ ವರ್ಷ ನರ್ಸಿಂಗ್ ಪಾಸಾಗ್ಬುಟ್ಟದೆ.”