ಶುಭ ಬಂದ ಮೇಲೆ ಮುಚ್ಚು

ಸತ್ತವರಿಗೆ ಕೇಳಿಸುತ್ತದೆಂದು ನಂಬುವವಳಲ್ಲ ನಾನು. ಆದರೂ ನನ್ನ ಓದಿನ ಕತೆ ಹೇಳಬೇಕಾದರೆ ಅತ್ತೆಯಿಂದಲೇ ಶುರು ಮಾಡಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯವರು ರೇಡಿಯೊ ತಂದ ದಿನದಿಂದ ನನ್ನ ಓದು ಮೂರಾಬಟ್ಟೆಯಾಯಿತು. ಕಾದಂಬರಿ ತೆರೆದರೆ ಕಿವಿ ಗೋಡೆಯಾಚೆಗೆ ಹೋಗುತ್ತಿತ್ತು. ಅದೇ ಸಾಲನ್ನು ಮತ್ತೆ ಮತ್ತೆ ಓದಿ ಮುಚ್ಚಿಡುತ್ತಿದ್ದೆ.

ಅಕ್ಷರ ಬಾರದ ಅತ್ತೆ ನೋಡಿ ನೋಡಿ, "ಮನಸ್ಸಲ್ಲೇ ಓದಿದ್ರೆ ಮನಸ್ಸು ಓಡ್ದೆ ಇನ್ನೇನ್ ಮಾಡುತ್ತೆ ಮಾರಾಯ್ತಿ? ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ" ಅಂದರು. ಮಧ್ಯಾಹ್ನ ಸೈರನ್ ಕೂಗಿ ನನ್ನ ಗಂಡ ಪಾಳಿಗೆ ಹೋದಮೇಲೆ ಅವರು ಅಕ್ಕಿ ಆರಿಸುತ್ತ ಕೂರುತ್ತಿದ್ದರು, ನಾನು ಓದುತ್ತಿದ್ದೆ. ಒಂದೇ ಷರತ್ತು. ಅವರ ತವರು ಹೊಳೆಹೊನ್ನೂರಿನಲ್ಲಿ ಪುರಾಣ ಓದುವವರು ಸಾವು ಬಂದ ಕಡೆ ಪುಸ್ತಕ ಮುಚ್ಚುತ್ತಿರಲಿಲ್ಲವಂತೆ; ಮದುವೆಯೋ ಹುಟ್ಟೋ ಬರುವವರೆಗೆ ಓದಲೇಬೇಕು. ಅತ್ತೆಗೆ ಕಾದಂಬರಿಗೂ ಅದೇ ನಿಯಮ. "ಶುಭ ಬಂದ್ಮೇಲೆ ಮುಚ್ಚು." ಈ ಕಾದಂಬರಿಕಾರರಿಗೋ, ಸಾಯಿಸುವುದೆಂದರೆ ನೀರು ಕುಡಿದಷ್ಟು ಸಲೀಸು. ಶುಭ ಹುಡುಕುತ್ತ ಹುಡುಕುತ್ತ ಒಲೆ ಹೊತ್ತಿಸುವುದು ತಡವಾಗುತ್ತಿತ್ತು. ರೇಡಿಯೊ ನನಗೆ ಕೇಳಿಸುವುದೇ ನಿಂತಿತು.

ಮರುವರ್ಷ ಅತ್ತೆ ಹಾಸಿಗೆ ಹಿಡಿದರು. ಗಂಡ ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಲೈಬ್ರರಿಯಿಂದ ತಂದ ಕಾದಂಬರಿಯಲ್ಲಿ ಬಾಣಂತಿಯೊಬ್ಬಳು ಸನ್ನಿ ಹಿಡಿದು ಮಲಗಿದ್ದಳು. "ಅವ್ಳು ಏಳ್ತಾಳೇನೇ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು, ಅವಳು ಎದ್ದರೆ ತಾವೂ ಏಳಬಹುದು ಅನ್ನುವ ಹಾಗೆ. ಬರಬರುತ್ತ ನನಗೂ ಹಾಗೇ ಅನ್ನಿಸಿ ಭಯವಾಗತೊಡಗಿತು. ಒಂದು ಮಧ್ಯಾಹ್ನ, ವೈದ್ಯರು ಅವಳ ನಾಡಿ ಹಿಡಿದ ಸಾಲಿಗೆ ಬಂದೆ. ಮುಂದೆ ಹಾಳೆಗಳೇ ಇರಲಿಲ್ಲ. ಯಾರೋ ಪುಣ್ಯಾತ್ಮರು ಹರಿದುಕೊಂಡಿದ್ದರು.

ನಾನು ನಿಲ್ಲಿಸಲಿಲ್ಲ. ಆ ಪುಟವನ್ನೇ ನೋಡುತ್ತ, ಅವಳು ಕಣ್ಣು ಬಿಟ್ಟಳು, ಗಂಜಿ ಕೇಳಿದಳು, ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರು ಎಂದು ಬಾಯಿಗೆ ಬಂದದ್ದನ್ನೆಲ್ಲ ಓದಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗಿತ್ತು ಕಣೇ. ಆದ್ರೆ ಇಷ್ಟೊತ್ತೂ ಹಾಳೆ ತಿರುವಿದ ಸದ್ದೇ ಕೇಳ್ಲಿಲ್ಲ."

ಅವರು ನನ್ನ ಕೈ ಸವರಿ, "ಇರ್ಲಿ, ಮುಚ್ಚು" ಅಂದರು.

ಆ ವಾರವೇ ಹೋಗಿಬಿಟ್ಟರು. ಓದು ನನ್ನನ್ನು ಬಿಡಲಿಲ್ಲ. ಇವತ್ತಿಗೂ ಮಧ್ಯಾಹ್ನ ಗಟ್ಟಿಯಾಗಿ ಓದುತ್ತೇನೆ. ಸಾವಿನ ಹತ್ತಿರ ನಿಲ್ಲಿಸುವ ಧೈರ್ಯ ನನಗಿಲ್ಲ. ಮನೆಯಲ್ಲಿ ನಾನೊಬ್ಬಳೇ. ಆದರೂ ಪ್ರತಿ ಹಾಳೆಯನ್ನೂ ಸದ್ದಾಗುವಂತೆ ತಿರುವುತ್ತೇನೆ.